ಹೊಳಿದಂಡಿಯ ಬೀಗರು

ಬೆಳಗಾವಿ ಜಿಲ್ಲೆಯಲ್ಲಿ ಯಾರಾದರೂ ‘ಗಡಿ’ ಎಂದರೆ ಸಾಕು, ಎಲ್ಲರ ಕುತ್ತಿಗೆಯೂ ನಿಪ್ಪಾಣಿ ಕಡೆ ಹೊರಳುತ್ತದೆ. ಪೇಪರಿನವರು, ಪುಢಾರಿಗಳು, ನವೆಂಬರ್ ಒಂದಕ್ಕೆ ಶಾಲು ಹೊದ್ದು ಓಡಾಡುವವರು, ಎಲ್ಲರಿಗೂ ಗಡಿ ಇರುವುದು ಅತ್ತಲೇ. ಸವದತ್ತಿ ಸೀಮೆಯ ಚಚಡಿಯಲ್ಲಿ ಹುಟ್ಟಿದ ನನಗೆ ಮಾತ್ರ ಗಡಿ ಎಂದರೆ ರಾಮದುರ್ಗ. ಇದಕ್ಕೆ ಕಾರಣ ರಾಜಕೀಯವಲ್ಲ, ನಮ್ಮ ಸೋದರತ್ತೆ. ನಮ್ಮಜ್ಜ ಆಕೆಯನ್ನು ಮಲಪ್ರಭೆಯ ದಂಡೆಯ ಆ ಊರಿಗೆ ಕೊಟ್ಟ; ಕೊಟ್ಟ ಮೇಲೆ ಸಾಯುವ ತನಕ ‘ಪರರಾಜ್ಯಕ್ಕ ಕೊಟ್ಟೆ’ ಅಂತಲೇ ಹೇಳುತ್ತಿದ್ದ.

ಮದುವೆಯಾದದ್ದು ಸಂಸ್ಥಾನಗಳೆಲ್ಲ ಮುಗಿದು ವರ್ಷಗಳಾದ ಮೇಲೆ. ಆದರೆ ಅಜ್ಜನ ತಲೆಯೊಳಗಿನ ನಕಾಶೆಗೆ ಆ ತಿದ್ದುಪಡಿ ತಲುಪಿರಲೇ ಇಲ್ಲ. ಅವನ ಹರೆಯದಲ್ಲಿ ನಮ್ಮ ಸೀಮೆ ನಿಜಕ್ಕೂ ಹಾಗೆಯೇ ಇತ್ತು. ನಮ್ಮದು ಪರಸಗಡ ತಾಲೂಕು, ಮುಂಬೈ ಇಲಾಖೆ, ಬ್ರಿಟಿಷರದ್ದು. ಗಾಡಿ ಹೂಡಿಕೊಂಡು ಹೊಳೆಗುಂಟ ಮೂಡಲಕ್ಕೆ ಹೊರಟರೆ ತೊರಗಲ್ಲಿನಲ್ಲಿ ಶಿಂದೆಯವರ ಜಹಗೀರು, ಅದು ಕೊಲ್ಲಾಪುರದ ಮಹಾರಾಜರ ಕೈಕೆಳಗೆ. ಅದನ್ನು ದಾಟಿದರೆ ರಾಮದುರ್ಗ, ಭಾವೆಯವರದ್ದು. ಹೊಳೆ ದಾಟಿ ನರಗುಂದಕ್ಕೆ ಹೋದರೆ ಮತ್ತೆ ಬ್ರಿಟಿಷರು. ಬಡಗಲಕ್ಕೆ ಹೊರಳಿದರೆ ಮುಧೋಳದ ಘೋರ್ಪಡೆಯವರು, ಅವರಾಚೆ ಜಮಖಂಡಿಯ ಪಟವರ್ಧನರು. ಕಟ್ಟಿಕೊಂಡ ಬುತ್ತಿ ಮುಗಿಯುವುದರೊಳಗೆ ಮೂರು ಸರಕಾರ. ಎತ್ತುಗಳಿಗೆ ಇದರ ಪತ್ತೆ ಹತ್ತುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಅದರಲ್ಲೂ ರಾಮದುರ್ಗದ ರಾಜ್ಯವೆಂದರೆ ಎಷ್ಟು? 1901ರ ಜನಗಣತಿಯ ಹೊತ್ತಿಗೆ 169 ಚದರ ಮೈಲಿ, 37,848 ಜನ. ಈಗಿನ ರಾಮದುರ್ಗ ತಾಲೂಕಿನ ಅರ್ಧಕ್ಕಿಂತ ಕಡಿಮೆ. ಇಷ್ಟಕ್ಕೇ ಒಬ್ಬ ರಾಜ, ಒಂದು ಅರಮನೆ, ಪೊಲೀಸರು, ಸೆರೆಮನೆ. ನಮ್ಮ ಚಚಡಿಯಲ್ಲೂ ದೇಸಾಯರ ವಾಡೆ ಇದೆ; ಬೈಲಹೊಂಗಲ, ಕಿತ್ತೂರು ಕಡೆಯ ನೆಂಟರು ಬಂದರೆ ನಾವು ಅದನ್ನೇ ತೋರಿಸಿ ಎದೆಯುಬ್ಬಿಸುತ್ತಿದ್ದೆವು. ಅತ್ತೆ ಮಾತ್ರ ರಾಮದುರ್ಗದ ಸೊಸೆಯಾದ ವರ್ಷದೊಳಗೇ ತವರಿನ ವಾಡೆಯನ್ನು ಕೆಳದರ್ಜೆಗಿಳಿಸಿದಳು. “ದೇಸಾಯರು ಖರೇ, ಆದ್ರ ರಾಜಾ ಅಂದ್ರ ರಾಜಾನ ಅಲಾ” ಎಂದು ಆಕೆ ರೊಟ್ಟಿ ಬಡಿಯುತ್ತ ಹೇಳುವಾಗ, ಆ ರಾಜನ ಅಧಿಕಾರ ಹೋಗಿ ಎಷ್ಟೋ ಮಳೆಗಾಲ ಕಳೆದಿದ್ದವು.

ಅತ್ತೆಯ ಗಂಡ, ನಮ್ಮ ಮಾಮಾ, ಅಲ್ಲಿ ಅರಿವಿ ಅಂಗಡಿ ಇಟ್ಟಿದ್ದವರು. ನೇಕಾರರ ಓಣಿಯ ತುದಿಗೆ ಮನೆ, ಮನೆಯಿಂದ ನಾಲ್ಕು ಹೆಜ್ಜೆಗೆ ಹೊಳೆಯ ಇಳಿಜಾರು. ಬೇಸಿಗೆ ರಜೆಗೆ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರೆ ಮೊದಲೆರಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗ್ಗಗಳು ಖಟ್ ಖಟಾ ಖಟ್ ಎಂದು ಬಡಿದುಕೊಳ್ಳುತ್ತಿದ್ದವು. ಮೂರನೆಯ ರಾತ್ರಿ ಕರೆಂಟು ಹೋಗಿ ಮಗ್ಗ ನಿಂತಾಗ ಇಡೀ ಓಣಿಗೆ ಎಚ್ಚರವಾಗುತ್ತಿತ್ತು. ಚಚಡಿಗೆ ವಾಪಸು ಬಂದರೆ ನಮ್ಮೂರು ಸತ್ತಂತೆ ಕಾಣುತ್ತಿತ್ತು. ಅವ್ವನಿಗೆ ಹೇಳಿದರೆ, “ಹಂಗಾದ್ರ ಅಲ್ಲೇ ಇರಬೇಕಾಗಿತ್ತಲ್ಲ, ಇಲ್ಲಿ ಸೇಂಗಾ ಸುಲಿಯೋರು ಯಾರು?” ಎನ್ನುತ್ತಿದ್ದಳು.

ಮಾಮಾನ ಗುಣ ಹೇಳದಿದ್ದರೆ ರಾಮದುರ್ಗದ ಕಥೆ ಹೇಳಿದಂತಾಗುವುದಿಲ್ಲ. ಅವರು ಯಾವುದಕ್ಕೂ ಹೂಂ ಅನ್ನುವವರಲ್ಲ, ಒಲ್ಲೆ ಅನ್ನುವವರೂ ಅಲ್ಲ. ಹೊಲ ಮಾರುತ್ತೀರಾ ಎಂದರೆ “ನೋಡೂಣು”. ಊಟ ಮಾಡುತ್ತೀರಾ ಎಂದರೂ “ನೋಡೂಣು”. ಅಷ್ಟರಲ್ಲಿ ಕೈ ತೊಳೆದುಕೊಂಡು ಬಂದಿರುತ್ತಿದ್ದರು. ಚುನಾವಣೆ ಬಂದರೆ ಎರಡೂ ಪಾರ್ಟಿಯವರು ಅವರ ಅಂಗಡಿಯ ಗಾದಿಯ ಮೇಲೆ ಕುಳಿತು ಚಹಾ ಕುಡಿದು, ಈ ಮನೆಯ ವೋಟು ನಮ್ಮದೇ ಎಂದು ಖಾತ್ರಿ ಮಾಡಿಕೊಂಡು ಎದ್ದು ಹೋಗುತ್ತಿದ್ದರು. ನಮ್ಮಪ್ಪನದು ಕಡ್ಡಿ ಮುರಿದಂತೆ ಮಾತಾಡುವ ಜಾತಿ. ಅವನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ನಿಮ್ಮ ಊರ ಮಂದೀದ ಇಷ್ಟು ನೋಡ್ರಿ ಮಾವಾರ. 1858ರಿಂದ ನೀವು ಹಿಂಗ” ಎಂದು ಅವನು ಬತ್ತಿ ಇಡುತ್ತಿದ್ದ. ಮಾಮಾ ನಕ್ಕು ಎಲೆಗೆ ಸುಣ್ಣ ಸವರುತ್ತಿದ್ದರು.

1858ರ ಸಂಗತಿ ನಮ್ಮ ಎರಡೂ ಮನೆಗಳಲ್ಲಿ ಭಾವ-ಮೈದುನರ ಜಗಳದ ಖಾಯಂ ವಿಷಯ. ನರಗುಂದದ ಬಾಬಾಸಾಹೇಬನೂ ರಾಮದುರ್ಗದ ದೊರೆಯೂ ಮಲಸೋದರರು. ಒಂದೇ ಭಾವೆ ಮನೆತನ, ನಡುವೆ ಒಂದು ಹೊಳೆ. ಹಿಂದೆ 1785ರಲ್ಲಿ ಟಿಪ್ಪುವಿನ ಸೈನ್ಯ ಬಂದಾಗ ಎರಡೂ ಕೋಟೆಗಳು ಒಟ್ಟಿಗೇ ಪೆಟ್ಟು ತಿಂದಿದ್ದವು. ಆಮೇಲೆ ಪೇಶ್ವೆಯ ಕಾಲಕ್ಕೆ ಆಸ್ತಿ ಪಾಲಾಗಿ ಎರಡು ಸಂಸ್ಥಾನಗಳಾದವು. ಬಾಬಾಸಾಹೇಬ ಓದಿಕೊಂಡವನು, ಸಂಸ್ಕೃತದ ಗ್ರಂಥಭಂಡಾರವನ್ನೇ ಇಟ್ಟಿದ್ದವನು. ಅವನಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಪರವಾನಗಿ ಕೊಡಲಿಲ್ಲ. ಮೇಲಿಂದ ಆಯುಧ ಒಪ್ಪಿಸು ಎಂದಿತು. ಅವನು ಬಂಡೆದ್ದ. ಏಳುವ ಮುಂಚೆ ಹೊಳೆಯಾಚೆಯ ಸೋದರನಿಗೆ, ನೀನೂ ಬಾ ಎಂದು ಪತ್ರ ಬರೆದ.

ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಾಗ ದೊರೆ ಆ ಪತ್ರಗಳನ್ನು ತೆಗೆದು ಸಾಹೇಬನ ಮುಂದಿಟ್ಟುಬಿಟ್ಟ. ಇಟ್ಟು, ನರಗುಂದದ ದಾರಿ ಹಿಡಿಯಬೇಡಿ ಎಂದು ಬುದ್ಧಿಯನ್ನೂ ಹೇಳಿದ. ಸಾಹೇಬ ಕೇಳಬೇಕಲ್ಲ! ಹೊಳೆ ದಾಟಿ, ಸುರೇಬಾನದಲ್ಲಿ ಮೇಣೆಯೊಳಗೆ ಮಲಗಿದ. ಮೇ 29ರ ರಾತ್ರಿ ನರಗುಂದದ ಮಂದಿ ಬಂದು ಅವನನ್ನು ಕಡಿದರು. ತಲೆ ನರಗುಂದದ ಅಗಸಿಗೆ ತೂಗಿತು. ಜೂನ್ ಹುಟ್ಟುತ್ತಲೇ ಬ್ರಿಟಿಷರ ತೋಪು ಬಂದವು, ಕೋಟೆ ಬಿತ್ತು. ಪಂಢರಪುರದ ಯಾತ್ರಿಕರ ವೇಷದಲ್ಲಿದ್ದ ಬಾಬಾಸಾಹೇಬನನ್ನು ತೊರಗಲ್ಲಿನ ಅಡವಿಯಲ್ಲಿ ಹಿಡಿದು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಜೀವ ಬಿಟ್ಟರು. ನರಗುಂದ ಸರಕಾರದ ಪಾಲಾಯಿತು. ರಾಮದುರ್ಗ ತನ್ನ ಪಾಡಿಗೆ ತಾನು ಇನ್ನೂ 90 ವರ್ಷ ಸಂಸ್ಥಾನವಾಗಿಯೇ ಇತ್ತು.

ಸಣ್ಣವನಿದ್ದಾಗ ನನಗೂ ಅಪ್ಪನ ಪಕ್ಷವೇ ಸರಿ ಅನ್ನಿಸುತ್ತಿತ್ತು. ಕಿತ್ತೂರು ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿ, ಸಂಗೊಳ್ಳಿ ರಾಯಣ್ಣನ ಊರು ಇದೇ ಮಲಪ್ರಭೆಯ ಮೇಲುದಂಡೆಯಲ್ಲಿ. ಇಂಥ ಕಡೆ ಹುಟ್ಟಿದ ಹುಡುಗನಿಗೆ ಪತ್ರ ತೋರಿಸಿದ ದೊರೆಯ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಒಮ್ಮೆ ಮಾಮಾಗೆ ನೇರವಾಗಿ ಕೇಳಿಯೂ ಕೇಳಿದೆ: “ನಿಮ್ಮ ರಾಜಾ ಹಂಗ್ಯಾಕ ಮಾಡಿದ್ರಿ?” ಮಾಮಾ ಗಿರಾಕಿಯ ಮುಂದೆ ಬಿಚ್ಚಿದ್ದ ಸೀರೆಯನ್ನು ಮಡಿಸುತ್ತ ಹೇಳಿದರು: “ಆ ಕಡೆ ಅಣ್ಣತಮ್ಮ, ಈ ಕಡೆ ಸಾಹೇಬ, ನಡಕ ಹೊಳಿ. ನೀ ಇದ್ರ ಏನ್ ಮಾಡ್ತಿದ್ದಿ?” ನಾನು ಯುದ್ಧ ಮಾಡುತ್ತಿದ್ದೆ ಎಂದೆ. “ಛಲೋ ಆತು. ನಾಳೆ ಬೆಳಿಗ್ಗೆ ಹಾಲಿನ ಭಗೋಣಿ ಹಿಡಕೊಂಡು ಓಣಿ ನಾಯಿ ದಾಟಿ ಹೋಗು, ನೋಡೂಣು” ಎಂದರು. ಆ ಓಣಿಯ ನಾಯಿ ಎಂಥದೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನೊಮ್ಮೆ, ಯಾರೂ ಕೇಳದಿದ್ದಾಗ, ಹೊಳೆಯ ಮೆಟ್ಟಿಲ ಮೇಲೆ ಕುಳಿತು ಅವರೇ ಅಂದರು: “ನರಗುಂದದವನ ರಾಜ್ಯಾ ಹೋತು, ಹೆಸರು ಉಳೀತು. ನಮ್ಮವನ ರಾಜ್ಯಾ ಉಳೀತು, ಹೆಸರು ಹೇಳಾವ್ರಿಲ್ಲ.” ಅದನ್ನು ಅವರು ದುಃಖದಿಂದ ಹೇಳಿದರೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರೋ ನನಗೆ ಇಂದಿಗೂ ಬಗೆಹರಿದಿಲ್ಲ. ಬಾಯಲ್ಲಿ ಎಲೆ-ಅಡಿಕೆ ಇದ್ದಾಗ ಅವರ ಮಾತಿಗೆ ಭಾವ ಹಚ್ಚುವುದು ಕಠಿಣ.

ನರಗುಂದದವರಿಗೆ ಮಾತ್ರ ಬಂಡೇಳುವ ಚಟ ಬಿಡಲಿಲ್ಲ. 1980ರ ಜುಲೈಯಲ್ಲಿ ಮಲಪ್ರಭೆಯ ಕಾಲುವೆ ನೀರಿನ ಕರ, ಅಭಿವೃದ್ಧಿ ಕರ ಎಂದು ಸರಕಾರ ಬೆನ್ನು ಹತ್ತಿದಾಗ ನರಗುಂದ, ನವಲಗುಂದದ ರೈತರು ಎದ್ದರು. ಗೋಳಿಬಾರ್ ಆಯಿತು, ಅದರ ಬಿಸಿಗೆ ರಾಜ್ಯದ ಸರಕಾರವೇ ನಡುಗಿತು. 2015ರಲ್ಲಿ ಮಹದಾಯಿ, ಕಳಸಾ-ಬಂಡೂರಿ ಎಂದು ಮತ್ತೆ ಪೆಂಡಾಲು ಹಾಕಿ ಕುಳಿತರು. ಒಂದೇ ಹೊಳೆಯ ನೀರು ಕುಡಿದು ಒಂದು ದಂಡೆಯವರು ಬಂಡೇಳುತ್ತಾರೆ, ಇನ್ನೊಂದು ದಂಡೆಯವರು ನೋಡೂಣು ಅನ್ನುತ್ತಾರೆ ಎಂಬ ಅಪ್ಪನ ಸಿದ್ಧಾಂತ ಹೀಗೆ ಗಟ್ಟಿಯಾಗುತ್ತ ಹೋಯಿತು.

ಆ ಸಿದ್ಧಾಂತದಲ್ಲಿ ದೊಡ್ಡದೊಂದು ತೂತು ಇದೆ. ಅಪ್ಪ ಅದನ್ನು ಜಾಣತನದಿಂದ ದಾಟಿಹೋಗುತ್ತಿದ್ದ. 1939ರ ಏಪ್ರಿಲ್ 7. ಆಗ ರಾಮದುರ್ಗದಲ್ಲಿ ಪ್ರಜಾಸಂಘದ ಚಳವಳಿ ಕಾವೇರಿತ್ತು. ಕರಭಾರ ಇಳಿಸಿ, ಜವಾಬ್ದಾರಿ ಸರಕಾರ ಕೊಡಿ ಎಂದು ಜನ ಕೇಳುತ್ತಿದ್ದರು. ಮುಖಂಡರನ್ನು ಹಿಡಿದು ಒಳಗೆ ಹಾಕಿದ್ದಕ್ಕೆ, ಯಾವುದಕ್ಕೂ ದನಿ ಎತ್ತರಿಸದ ಆ ಊರು ಒಮ್ಮೆಲೇ ಸಿಡಿಯಿತು. ಗುಂಪು ಸೆರೆಮನೆಗೆ ನುಗ್ಗಿತು, ಪೊಲೀಸರು ಸತ್ತರು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಈ ಹಿಂಸೆಯನ್ನು ನೊಂದು ಖಂಡಿಸಿದರು. ಊರಿನವರು ವರ್ಷಗಟ್ಟಲೆ ಕೋರ್ಟು, ಶಿಕ್ಷೆ ಅನುಭವಿಸಿದರು. ನೂರಾರು ವರ್ಷ ನುಂಗಿದ್ದೆಲ್ಲ ಒಂದೇ ದಿನ ಹೊರಬಂತೋ ಏನೋ.

ನಾನು ಕಾಲೇಜು ಸೇರಿದ ಮೇಲೆ ಇದನ್ನು ಓದಿಕೊಂಡು ಹೋಗಿ, ಈಗ ಮಾಮಾನ ಪರ ವಾದಿಸಲು ಒಳ್ಳೇ ಆಯುಧ ಸಿಕ್ಕಿತು ಎಂಬ ಹುರುಪಿನಲ್ಲಿ ಅವರ ಮುಂದೆ ಹೇಳಿದೆ. ನಿಮ್ಮಪ್ಪ ಆವತ್ತು ಎಲ್ಲಿದ್ದರು ಎಂದು ಕೇಳಿದೆ. ಮಾಮಾ ಆ ಒಂದು ಸಲ ನೋಡೂಣು ಅನ್ನಲಿಲ್ಲ. “ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ರಂತ. ಹೊರಗ ಬಾಜೂಮನಿಯವ್ರ ದನಿ ಕೇಳತಿತ್ತಂತ. ಸಾಯೂತನಾ ಆ ಮನೀ ಮುಂದ ಹಾದು ಹೋಗಬೇಕಾದ್ರ ತಲಿ ತಗ್ಗಿಸಿ ಹೋಗತಿದ್ರು.” ಅಷ್ಟು ಹೇಳಿ ಅಂಗಡಿಗೆ ಎದ್ದು ಹೋದರು. ಚಚಡಿಗೆ ಬಂದು ಇದನ್ನು ಅಪ್ಪನಿಗೆ ಹೇಳಿದೆ. ಆಮೇಲೆ ಅವನು 1858ರ ಬತ್ತಿ ಇಡುವುದನ್ನು ಬಹಳ ದಿನ ಬಿಟ್ಟಿದ್ದ.

1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಕರಗಿ, ಬೆಳಗಾವಿ ಜಿಲ್ಲೆಯ ಒಂದು ತಾಲೂಕಾಯಿತು. 1956ಕ್ಕೆ ಮೈಸೂರು ರಾಜ್ಯ, 1973ಕ್ಕೆ ಕರ್ನಾಟಕ. ಗಡಿಯ ಊರೆಂಬ ಹಣೆಬರಹ ಮಾತ್ರ ತಪ್ಪಲಿಲ್ಲ: ಮೊದಲು ಆಚೆ ದಂಡೆಯ ನರಗುಂದ ಧಾರವಾಡ ಜಿಲ್ಲೆ, ಬಾದಾಮಿ ವಿಜಾಪುರ ಜಿಲ್ಲೆ, 1997ರಲ್ಲಿ ರಾತ್ರೋರಾತ್ರಿ ಒಂದು ಗದಗ ಆಯಿತು, ಇನ್ನೊಂದು ಬಾಗಲಕೋಟೆ. ರಾಮದುರ್ಗ ಇದ್ದಲ್ಲೇ ಇದೆ, ನೆರೆಹೊರೆಯವರ ಅಡ್ರೆಸ್ಸು ಬದಲಾಗುತ್ತಿರುತ್ತದೆ. ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ಬೆಳಗಾವಿಯ ತನಕ ಅರ್ಧ ದಿನದ ಬಸ್ಸು. ಅಲ್ಲಿ ಸಾಹೇಬರು ಊಟಕ್ಕೆ ಹೋಗಿರುತ್ತಾರೆ. ವಾಪಸು ಅರ್ಧ ದಿನದ ಬಸ್ಸು. ರೈಲಿನ ಮಾತು ಕೇಳಲೇಬೇಡಿ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಹಾದು ಧಾರವಾಡಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ನಮ್ಮ ಸೋದರ ಸಂಬಂಧಿಗಳಿಗಿಂತ ಹಳೆಯದು. ಮನವಿ ಕೊಟ್ಟ ಫೋಟೋಗಳಲ್ಲಿ ಮನವಿ ಕೊಡುವವರ ಕೂದಲು ಬೆಳ್ಳಗಾಗುತ್ತ ಹೋಗಿದೆ, ಇಸಿದುಕೊಳ್ಳುವವರ ಮುಖ ಮಾತ್ರ ಪ್ರತಿ ಸಲ ಹೊಸದು.

ಅತ್ತೆಯ ಮನೆಯ ನಡುಬಾಗಿಲಿಗೆ ಸಾಗವಾನಿಯ ದಪ್ಪ ಚೌಕಟ್ಟು. ಅದರ ಎಡಗಂಬದ ಮೇಲೆ ಪೆನ್ಸಿಲ್ಲಿನ ಗೆರೆಗಳು: ಮಕ್ಕಳು ಪ್ರತಿ ವರ್ಷ ಎಷ್ಟು ಎತ್ತರ ಬೆಳೆದರೆಂಬ ಲೆಕ್ಕ. ಬಲಗಂಬದ ಮೇಲೆ ಇದ್ದಲಿಯ ಗೆರೆಗಳು: ಹೊಳೆ ಯಾವ ವರ್ಷ ಎಲ್ಲಿಯ ತನಕ ಬಂದಿತ್ತೆಂಬ ಲೆಕ್ಕ. ಎಣ್ಣೆ ಹಚ್ಚಿ ಹಚ್ಚಿ ಮಸಿಯಂತಾದ ಕಟ್ಟಿಗೆಯ ಮೇಲೆ ಆ ಇದ್ದಲಿ ಗೆರೆ ಕಾಣಬೇಕಾದರೆ ಬಗ್ಗಿ, ಓರೆಯಾಗಿ ನೋಡಬೇಕು. ಹಳೆಯ ಗೆರೆಗಳನ್ನು ಮಾಮಾನ ಅಪ್ಪ ಎಳೆದದ್ದು, ಪಕ್ಕದಲ್ಲಿ ಮೋಡಿ ಲಿಪಿಯಲ್ಲಿ ಏನೋ ಬರೆದಿದ್ದಾರೆ. ಈಗ ಮನೆಯಲ್ಲಿ ಅದನ್ನು ಓದುವವರಿಲ್ಲ. ಆಮೇಲೆ ಬಹಳ ವರ್ಷ ಬಲಗಂಬ ಖಾಲಿ. ಯಾಕೆಂದರೆ 1972ರ ಹೊತ್ತಿಗೆ ಮೇಲೆ ನಮ್ಮ ಸವದತ್ತಿ ತಾಲೂಕಿನಲ್ಲಿ, ನವಿಲುತೀರ್ಥದ ಕಣಿವೆಗೆ ಅಡ್ಡ ಆಣೆಕಟ್ಟು ಎದ್ದಿತ್ತು. ಸುಮಾರು 38 ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರ. ಇನ್ನು ಹೊಳೆಗೆ ಲಗಾಮು ಬಿತ್ತು ಎಂದು ಊರೆಲ್ಲ ಅಂದುಕೊಂಡಿತು. ಎಡಗಂಬದ ಮೇಲೆ ಮಕ್ಕಳು ಸುಖವಾಗಿ ಬೆಳೆದರು.

2009ರಲ್ಲಿ ಬಲಗಂಬಕ್ಕೆ ಹೊಸದೊಂದು ಗೆರೆ ಬಿತ್ತು, ಮೊಣಕಾಲ ಮಟ್ಟ. 2019ರ ಆಗಸ್ಟಿನಲ್ಲಿ ಮೇಲೆ ಖಾನಾಪುರದ ಕಾಡಿನಲ್ಲಿ ಹುಚ್ಚು ಮಳೆ. ಆಣೆಕಟ್ಟು ತುಂಬಿತು, ತುಂಬಿದ್ದನ್ನು ಬಿಡದೆ ಗತಿಯಿಲ್ಲ, ಬಿಟ್ಟರು. ಆ ರಾತ್ರಿ ಅಪ್ಪ ಚಚಡಿಯಿಂದ ಫೋನು ಹಚ್ಚಿದ. ಆ ಕಡೆಯಿಂದ ಮಾಮಾ, ಅಟ್ಟದ ಮೇಲೆ ಕುಳಿತು, ಬಹಳ ಸಾವಕಾಶವಾಗಿ ಹೇಳಿದರಂತೆ: “ನಿಮ್ಮ ಮಂದಿ ನೀರ ಬಿಟ್ಟಾರಲ್ರೀ. ಬೀಗರ ಮನಿ ಅಂತ ನೋಡಬೇಕಿಲ್ಲೇನ್ರೀ?”

ನೀರು ಇಳಿದ ಮೇಲೆ ನಾವು ಹೋದೆವು. ನೇಕಾರರ ಓಣಿಯ ತುಂಬ ಮಗ್ಗದ ಕುಣಿಗಳಲ್ಲಿ ರಾಡಿ. ಅರ್ಧ ನೇಯ್ದ ಸೀರೆ ಹಾಸುಹೊಕ್ಕಿನ ಸಮೇತ ಮಣ್ಣು ಮೆತ್ತಿಕೊಂಡು ಮಗ್ಗದ ಮೇಲೆಯೇ ಒಣಗಿ ಹಪ್ಪಳವಾಗಿತ್ತು. ಮುಟ್ಟಿದರೆ ಮುರಿಯುತ್ತಿತ್ತು. ಒಬ್ಬ ಮುದುಕಿ ಲಾಳಿಯೊಳಗಿನ ರಾಡಿಯನ್ನು ಕಡ್ಡಿಯಿಂದ ಕೆದರಿ ಕೆದರಿ ತೆಗೆಯುತ್ತಿದ್ದಳು. ಮಾಮಾನ ಅಂಗಡಿಯ ಮಾಲೆಲ್ಲ ರಸ್ತೆಯ ಪಕ್ಕದ ಬೇಲಿಯ ಮೇಲಿತ್ತು; ಕೆಂಪು ಸೆರಗಿನ ಬಣ್ಣ ಹಸಿರು ಒಡಲಿಗೆ ಇಳಿದು, ಎರಡೂ ಅಲ್ಲದ ಮೂರನೆಯದೊಂದು ಬಣ್ಣ ಹುಟ್ಟಿತ್ತು. ಅತ್ತೆ ಅದರಲ್ಲೊಂದನ್ನು ಎತ್ತಿ ಬಿಸಿಲಿಗೆ ಹಿಡಿದು, “ಇದು ಛಲೋನ ಕಾಣತೈತಲ್ಲ? ಹೊಸಾ ಡಿಸೈನು ಅಂತ ಮಾರ್ರಿ” ಎಂದಳು. ಯಾರೂ ನಗಲಿಲ್ಲ ಎಂದು ಗೊತ್ತಾದ ಮೇಲೆ ಆಕೆಯೇ ನಕ್ಕಳು. ಮಾಮಾ ಚೌಕಟ್ಟಿನ ಬಲಗಂಬದ ಮುಂದೆ ನಿಂತಿದ್ದರು, ಕೈಯಲ್ಲಿ ಒಲೆಯ ಇದ್ದಲಿ ಚೂರು. ಕೈ ಎತ್ತಿ ಗೆರೆ ಎಳೆದರು. ಅದು ಅವರ ದೊಡ್ಡ ಮಗ ಏಳನೇ ಇಯತ್ತೆಯಲ್ಲಿ ಇದ್ದ ಎತ್ತರಕ್ಕಿಂತ ನಾಲ್ಕು ಬೆರಳು ಮೇಲೆ ಹೋಗಿತ್ತು. ಅವರ ಅಪ್ಪನ ಕಾಲದ ಗೆರೆಗಳೆಲ್ಲ ಕೆಳಗೇ ಉಳಿದವು.

ವಿಚಿತ್ರವೆಂದರೆ ಅದೇ ಹೊಳೆ ಏಪ್ರಿಲ್ ಬಂತೆಂದರೆ ಮಾಯ. ಆಣೆಕಟ್ಟಿನ ನೀರು ಹುಬ್ಬಳ್ಳಿ-ಧಾರವಾಡದವರ ನಲ್ಲಿಗೂ ಹೋಗಬೇಕು, ಕಾಲುವೆಗೂ ಹೋಗಬೇಕು, ಕೆಳಗಿನವರಿಗೆ ಉಸುಕು. ಆಗ ರಾಮದುರ್ಗದವರು, ಒಂದಿಷ್ಟು ಬಿಡಿ ಎಂದು ಸವದತ್ತಿ ಕಡೆ ಮುಖ ಮಾಡಿ ಅರ್ಜಿ ಹಾಕುತ್ತಾರೆ. ಮಳೆಗಾಲದಲ್ಲಿ ಬಿಡಬೇಡಿ ಎನ್ನುವುದಕ್ಕೂ ಬೇಸಿಗೆಯಲ್ಲಿ ಬಿಡಿ ಎನ್ನುವುದಕ್ಕೂ ಮಾಮಾ ಒಂದೇ ಅರ್ಜಿಯ ನಮೂನೆ ಇಟ್ಟುಕೊಂಡಿದ್ದಾರೆ, ಒಂದು ಅಕ್ಷರ ಹೊಡೆದು ಹಾಕಿದರೆ ಆಯಿತು ಎಂದು ನಮ್ಮಪ್ಪ ಹೇಳುವುದು ಉತ್ಪ್ರೇಕ್ಷೆ. ಬಹಳ ಉತ್ಪ್ರೇಕ್ಷೆಯಲ್ಲ.

ಮೊನ್ನೆ ಮೊನ್ನೆ ಮಾಮಾನ ಮೊಮ್ಮಗಳಿಗೆ ವರ ಬಂತು. ಹುಡುಗ ಇಂಜಿನಿಯರು, ಮನೆತನ ಛಲೋ, ಊರು ನರಗುಂದ. ಬಯೋಡಾಟಾ ವಾಟ್ಸಾಪಿನಲ್ಲಿ ಮಾಮಾಗೆ ಬಂತು. ಮಾಮಾ ಅದಕ್ಕೆ ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ; ಫಾರ್ವರ್ಡ್ ಮಾಡುವುದನ್ನು ಮೊಮ್ಮಗಳಿಂದಲೇ ಕಲಿತು, ಅದೇ ಮೊಮ್ಮಗಳ ಬಯೋಡಾಟಾವನ್ನೂ ಹುಡುಗನದನ್ನೂ ಬೆಳಗಾವಿಯಿಂದ ಚಚಡಿಯ ತನಕ ಇರುವ ಬೀಗರಿಗೆಲ್ಲ ಕಳಿಸಿದರು. ಅಪ್ಪನ ಫೋನಿಗೂ ಬಂತು. ಅಪ್ಪ ಕನ್ನಡಕ ಏರಿಸಿ ಎರಡು ಸಲ ನೋಡಿ, ಫೋನು ಹಚ್ಚಿದ. “ಮತ್ತ ನರಗುಂದದಿಂದ ಪತ್ರ ಬಂತೇನ್ರಿ ಮಾವಾರ? ಈ ಸಲಾನೂ ಊರಿಗೆಲ್ಲಾ ತೋರಿಸಿಬಿಟ್ರಿ ಹೌದಲ್ರೀ?” ಆ ಕಡೆಯಿಂದ ಮಾಮಾ ನಕ್ಕು ಕೆಮ್ಮಿ ಮತ್ತೆ ನಕ್ಕರು. ಅವರು ಅಷ್ಟು ನಕ್ಕದ್ದನ್ನು ಅತ್ತೆಯೂ ಕೇಳಿರಲಿಲ್ಲವಂತೆ.

ಮದುವೆ ವೈಶಾಖದಲ್ಲಿ, ಕನ್ಯೆಯವರ ದಂಡೆಯಲ್ಲೇ. ಗಂಡಿನವರು ಎರಡು ಬಸ್ಸು ಮಾಡಿಕೊಂಡು ಸುರೇಬಾನದ ಮೇಲೆ ಹಾದು, ನೀರಿಲ್ಲದ ಹೊಳೆ ದಾಟಿ ಬಂದರು. ಊಟಕ್ಕೆ ಗೋಧಿ ಹುಗ್ಗಿ, ಸಾವಿರ ಎಲೆ. ನಲ್ಲಿ ಬಂದು ವಾರವಾಗಿತ್ತು. ಅಡುಗೆಗೆ, ಕೈ ತೊಳೆಯಲು ನೀರೆಲ್ಲ ಟ್ಯಾಂಕರಿನದು. ಅಕ್ಕಿಕಾಳು ಬಿದ್ದು, ಬೀಗರ ಊಟ ಮುಗಿದು, ಹಿರಿಯರೆಲ್ಲ ಎಲೆ-ಅಡಿಕೆ ಹಾಕಿಕೊಂಡು ಕುಳಿತಾಗ ಟ್ಯಾಂಕರಿನವನು ಬಿಲ್ಲು ಹಿಡಿದುಕೊಂಡು ಬಂದ. ಗಂಡಿನವರು ಹೆಣ್ಣಿನವರ ಮುಖ ನೋಡಿದರು, ಹೆಣ್ಣಿನವರು ಮಾಮಾನ ಮುಖ ನೋಡಿದರು. ಮಾಮಾ ನೋಡೂಣು ಅನ್ನುತ್ತಾರೆ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವರು ಬಿಲ್ಲು ಇಸಿದುಕೊಂಡು, ಮಡಿಸಿ, ನಮ್ಮಪ್ಪನ ಅಂಗಿಯ ಕಿಸೆಯೊಳಗೆ ಇಟ್ಟರು.

“ಇದು ಸವದತ್ತಿಯವ್ರ ಬಾಬತ್ತು” ಎಂದರು.